ಗಂಟೆಗೋಪುರಗಳು

(ವಯನಾಡಿನಲ್ಲಿ ಜರುಗಿದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಗಂಟೆಗೋಪುರಗಳ ಚರಿತ್ರೆಯನ್ನೂ ಅವುಗಳ ರಚನೆಯನ್ನೂ ಕುರಿತು ಕೆಲವು ಮಾತುಗಳನ್ನಾಡಬೇಕೆಂದು ಸಂಘದವರು ನನಗೆ ಅಪ್ಪಣೆ ಮಾಡಿದ್ದಾರೆ. ವಯನಾಡಿನಂಥ ಗಿರಿಸೀಮೆಯಲ್ಲಿ ನಿಂತು ಗಂಟೆಗೋಪುರಗಳ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಹೆಸರಾಂತ ಗೋಪುರಗಳು ದೂರದ ಪಟ್ಟಣಗಳಲ್ಲಿವೆ; ನಮ್ಮಲ್ಲಿ ಇರುವುದು ಬೆಟ್ಟ, ಗದ್ದೆ, ತೋಟ, ಮಳೆ. ಆದರೂ ಗೋಪುರವನ್ನು ಕಟ್ಟಿದವರ ಉದ್ದೇಶವೇನೆಂಬುದನ್ನು ವಿಚಾರಿಸಿದರೆ, ಆ ಉದ್ದೇಶವು ಬೇರೆಲ್ಲಿಗಿಂತಲೂ ಈ ನಾಡಿಗೆ ಹೆಚ್ಚು ಸಲ್ಲುವುದೆಂದು ನನ್ನ ನಂಬಿಕೆ. ಅದನ್ನು ತಮ್ಮ ಮುಂದಿಡುವುದೇ ಈ ಭಾಷಣದ ಗುರಿ.

ಮೊದಲು ನಮ್ಮ ನುಡಿಯನ್ನೇ ನೋಡೋಣ. ಕನ್ನಡದಲ್ಲಿ ಗಂಟೆ ಎಂದರೆ ದೇವರ ಮುಂದೆ ತೂಗುವ ಕಂಚಿನ ವಸ್ತು. ಗಂಟೆ ಎಂದರೆ ದಿನದ ಇಪ್ಪತ್ತನಾಲ್ಕರಲ್ಲೊಂದು ಪಾಲೂ ಹೌದು. ಸದ್ದು ಮಾಡುವ ವಸ್ತುವಿನ ಹೆಸರೇ ಕಾಲದ ಹೆಸರಾಗಿ ನಿಂತಿತು. ಇದರಲ್ಲಿ ಒಂದು ಸ್ವಾರಸ್ಯವಿದೆ. ಜನಸಾಮಾನ್ಯರ ಮನೆಗಳಲ್ಲಿ ಗಡಿಯಾರವಿಲ್ಲದಿದ್ದ ದಿನಗಳಲ್ಲಿ ಕಾಲವೆಂಬುದು ಕಣ್ಣಿಗಿಂತ ಹೆಚ್ಚಾಗಿ ಕಿವಿಗೆ ಗೋಚರವಾಗುತ್ತಿತ್ತು. ನಮ್ಮ ಪೂರ್ವಿಕರು ಹಗಲಿರುಳನ್ನು ಅರವತ್ತು ಗಳಿಗೆಗಳಾಗಿ ವಿಭಾಗಿಸಿದ್ದರು. ತಳದಲ್ಲಿ ಸಣ್ಣ ರಂಧ್ರವುಳ್ಳ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ, ಅದು ತುಂಬಿ ಮುಳುಗುವಷ್ಟರಲ್ಲಿ ಒಂದು ಗಳಿಗೆ, ಎಂದರೆ ಇಪ್ಪತ್ತನಾಲ್ಕು ನಿಮಿಷ, ಕಳೆಯುತ್ತಿತ್ತು. ಬಟ್ಟಲು ಮುಳುಗಿದೊಡನೆ ಕಾವಲಿನವನು ಎತ್ತರದಲ್ಲಿ ತೂಗುಹಾಕಿದ ಜಾಗಟೆಯನ್ನು ಬಾರಿಸುತ್ತಿದ್ದನು.

೧೬ನೆಯ ಶತಮಾನದಲ್ಲಿ ಬಾಬರನು ತನ್ನ ಆತ್ಮಚರಿತ್ರೆಯಲ್ಲಿ ಹಿಂದೂಸ್ಥಾನದ ಈ ಪದ್ಧತಿಯನ್ನು ವರ್ಣಿಸಿದ್ದಾನೆ. ರಾತ್ರಿಯ ವೇಳೆ ಗಳಿಗೆಯ ಎಣಿಕೆಯನ್ನು ಮಾತ್ರ ಬಾರಿಸುತ್ತಿದ್ದುದರಿಂದ, ನಿದ್ದೆಯಿಂದೆದ್ದವನಿಗೆ ಅದು ಎಷ್ಟನೆಯ ಜಾವವೆಂದು ತಿಳಿಯುತ್ತಿರಲಿಲ್ಲ. ಗಳಿಗೆಯ ಎಣಿಕೆಯಾದ ಮೇಲೆ ಜಾವದ ಗುರುತನ್ನೂ ಬಾರಿಸಬೇಕೆಂದು ಬಾಬರನು ಆಜ್ಞೆ ಮಾಡಿದನು. ಚಿಕ್ಕ ಸಂಗತಿಯೆಂದು ಇದನ್ನು ತಳ್ಳಿಹಾಕಬಾರದು. ಸದ್ದು ಕೇಳಿದರೆ ಸಾಲದು. ಅದರ ಅರ್ಥವೂ ಕೇಳಿದವನಿಗೆ ತಿಳಿಯಬೇಕು. ಗಂಟೆಗೋಪುರದ ತತ್ತ್ವವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ಹೀಗಿದ್ದರೂ ನಮ್ಮ ಶಿಲ್ಪಿಗಳು ಗಂಟೆಗೆಂದೇ ಎತ್ತರದ ಗೋಪುರವನ್ನು ಕಟ್ಟುವ ವಾಡಿಕೆಯನ್ನು ಬೆಳೆಸಲಿಲ್ಲ. ಕಾರಣ ಸ್ಪಷ್ಟವಾಗಿದೆ. ದೇವಾಲಯದ ಗಂಟೆಯು ಭಕ್ತನ ಕೈಗೆಟುಕುವಂತೆ ತೊಲೆಯಿಂದ ಇಳಿಬಿದ್ದಿರುತ್ತದೆ. ಒಳಗೆ ಬಂದವನು ತಾನೇ ಅದನ್ನು ನುಡಿಸಿ ತನ್ನ ಆಗಮನವನ್ನು ದೇವರಿಗೆ ಬಿನ್ನವಿಸುತ್ತಾನೆ. ಅದು ಒಬ್ಬನ ಗಂಟೆ. ಊರಿಗೆಲ್ಲ ಕೇಳಬೇಕಾದ ನಾದಕ್ಕೆ ನಾವು ಬಳಸಿದ್ದು ನಗಾರಿಯನ್ನೂ ಶಂಖ ಕಹಳೆಗಳನ್ನೂ. ಅರಮನೆಯ ಮತ್ತು ದೊಡ್ಡ ದೇವಾಲಯಗಳ ಹೆಬ್ಬಾಗಿಲಿನ ಮೇಲಿನ ನಗಾರಿಖಾನೆಯೇ ನಮ್ಮ ದೇಶದ ನಾದಗೋಪುರ ಎನ್ನಬಹುದು.

ಈ ವಯನಾಡಿನ ಹಳೆಯ ಕಟ್ಟಡಗಳೂ ಇದಕ್ಕೆ ಸಾಕ್ಷಿಯಾಗಿವೆ. ಹೊಯ್ಸಳರ ಕಾಲದ ಶಾಸನಗಳಲ್ಲಿ ಬಯಲ್ನಾಡು ಎಂದು ಕರೆಯಿಸಿಕೊಂಡ ಸೀಮೆ ಇದು. ಸುಲ್ತಾನ್ ಬತ್ತೇರಿಗೆ ಹಿಂದೆ ಹನ್ನೆರಡು ಬೀದಿ ಎಂಬ ಹೆಸರಿತ್ತು. ಕನ್ನಡ ನಾಡಿನಿಂದ ಬಂದ ಜೈನರು ನೆಲೆಸಿದ ಬೀದಿಗಳಿಂದ ಆ ಹೆಸರು ಬಂದಿತೆಂದು ಹೇಳುತ್ತಾರೆ. ಅಲ್ಲಿಯ ಜೈನ ಬಸದಿಯನ್ನು ತಾವೆಲ್ಲರೂ ನೋಡಿದ್ದೀರಿ. ಕಗ್ಗಲ್ಲಿನ ಕಂಬ, ಕಗ್ಗಲ್ಲಿನ ತೊಲೆ, ಅದರ ಮೇಲೆ ಕಲ್ಲುಚಪ್ಪಡಿ. ಎಲ್ಲವೂ ನೆಲಕ್ಕೆ ಅಂಟಿಕೊಂಡಂತೆ ತಗ್ಗಾಗಿ, ಗಟ್ಟಿಯಾಗಿ ನಿಂತಿದೆ. ಟಿಪ್ಪುವಿನ ಸೇನೆಯು ಅದನ್ನು ಮದ್ದುಗುಂಡುಗಳ ಉಗ್ರಾಣವಾಗಿ ಬಳಸಿದ್ದರಿಂದಲೇ ಊರಿಗೆ ಬತ್ತೇರಿ ಎಂಬ ಹೆಸರು ಬಂದದ್ದು. ಇಂಥ ಕಟ್ಟಡವು ಶತಮಾನಗಳ ಮಳೆಗಾಲವನ್ನು ತಡೆದುಕೊಂಡಿತು. ಆದರೆ ಅದರ ಗಂಟೆಯ ನಾದವು ಪ್ರಾಕಾರವನ್ನು ದಾಟಿ ಬಹುದೂರ ಹೋಗಲಾರದು. ಹೋಗಬೇಕೆಂಬ ಉದ್ದೇಶವೂ ಇರಲಿಲ್ಲ.

ಗಂಟೆಯನ್ನು ಮುಗಿಲಿಗೇರಿಸುವ ಪದ್ಧತಿಯು ಮುಖ್ಯವಾಗಿ ಎರಡು ಕಡೆ ಬೆಳೆಯಿತು. ಒಂದು ಚೀನ. ಅಲ್ಲಿಯ ಶಿಯಾನ್ ನಗರದಲ್ಲಿ ೧೩೮೪ರಲ್ಲಿ ಕಟ್ಟಿದ ಗಂಟೆಗೋಪುರವು ಇಂದಿಗೂ ಇದೆ. ಅದಕ್ಕೆ ಜೊತೆಯಾಗಿ ಭೇರಿಯ ಗೋಪುರವೂ ಇದೆ. ಮುಂಜಾನೆ ಗಂಟೆ, ಸಂಜೆ ಭೇರಿ ಎಂಬುದು ಅಲ್ಲಿಯ ನಗರಗಳ ಕ್ರಮ. ಇನ್ನೊಂದು ಯೂರೋಪು. ಅಲ್ಲಿ ಕ್ರೈಸ್ತ ಮಠಗಳಲ್ಲಿ ಪ್ರಾರ್ಥನೆಯ ವೇಳೆಯನ್ನು ತಿಳಿಸಲು ಗಂಟೆ ಬಂದಿತು. ಹೊಲದಲ್ಲಿ ದುಡಿಯುವವರಿಗೂ ಅದು ಕೇಳಬೇಕೆಂದು ಗೋಪುರ ಬಂದಿತು. ಬರಬರುತ್ತ ಊರಿನ ಬಾಳೆಲ್ಲವೂ ಅದಕ್ಕೆ ಕಟ್ಟುಬಿದ್ದಿತು. ಸಂತೆ ಕೂಡಿದ್ದಕ್ಕೆ ಒಂದು ಬಗೆ, ಸಾವಿಗೆ ಒಂದು ಬಗೆ, ಬೆಂಕಿ ಬಿದ್ದರೆ ಇನ್ನೊಂದು ಬಗೆಯ ನಾದ. ರಾತ್ರಿ ಒಲೆಯ ಬೆಂಕಿಯನ್ನು ಮುಚ್ಚಿರೆಂದು ಹೊಡೆಯುತ್ತಿದ್ದ ಗಂಟೆಯಿಂದಲೇ ಇಂದು ನಾವು ಬಳಸುವ ಕರ್ಫ್ಯೂ ಎಂಬ ಮಾತು ಹುಟ್ಟಿತು. ಹುಲ್ಲುಮಾಡಿನ, ಮರದ ಗೋಡೆಯ ಮನೆಗಳ ಊರಿನಲ್ಲಿ ಆ ಗಂಟೆಯು ಪ್ರಾಣರಕ್ಷಕವಾಗಿತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನು ರಚನೆಯ ಮಾತು. ಗಂಟೆಯ ಕಂಚಿನಲ್ಲಿ ಸುಮಾರು ನಾಲ್ಕು ಪಾಲು ತಾಮ್ರ, ಒಂದು ಪಾಲು ತವರ. ತವರ ಕಡಿಮೆಯಾದರೆ ನಾದ ಮಂಕು. ಹೆಚ್ಚಾದರೆ ಲೋಹ ಪೆಡಸಾಗಿ ಬಿರಿಯುತ್ತದೆ. ನಮ್ಮ ರಾಜ್ಯದ ಮಾನ್ನಾರಿನ ಕಂಚುಗಾರರು ಈ ವಿದ್ಯೆಯಲ್ಲಿ ಹೆಸರಾದವರು. ಇಂಥ ಭಾರವಾದ ವಸ್ತುವನ್ನು ಮೇಲಕ್ಕೇರಿಸುವುದು ಕಷ್ಟವೇ ಸರಿ. ಆದರೆ ಗೋಪುರಕ್ಕೆ ನಿಜವಾದ ಪರೀಕ್ಷೆ ಭಾರವಲ್ಲ, ತೂಗಾಟ. ಚೀನದಲ್ಲಿ ಗಂಟೆ ಅಲುಗದೆ ನಿಂತಿರುತ್ತದೆ. ಹೊರಗಿನಿಂದ ಮರದ ದಿಮ್ಮಿಯಿಂದ ಅದನ್ನು ಹೊಡೆಯುತ್ತಾರೆ. ನಮ್ಮಲ್ಲಿ ಅದರ ನಾಲಗೆಯನ್ನು ಮಾತ್ರ ಆಡಿಸುತ್ತೇವೆ. ಪಶ್ಚಿಮ ಯೂರೋಪಿನಲ್ಲಾದರೋ ಗಂಟೆಯನ್ನೇ ಉಯ್ಯಾಲೆಯಂತೆ ತೂಗುತ್ತಾರೆ. ಆಗ ಅದು ಗೋಡೆಗಳನ್ನು ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ತಳ್ಳುತ್ತದೆ. ಈ ತಳ್ಳಾಟದ ಲಯವೂ ಗೋಪುರವು ತಾನಾಗಿ ತೊನೆಯುವ ಲಯವೂ ಒಂದಾದರೆ ಕಲ್ಲುಕಟ್ಟಡವೂ ಬಿರುಕು ಬಿಡುತ್ತದೆ. ಆದುದರಿಂದ ಬಲ್ಲ ಶಿಲ್ಪಿಗಳು ಗೋಪುರದೊಳಗೆ ಮರದ ಬಲವಾದ ಚೌಕಟ್ಟೊಂದನ್ನು ನಿಲ್ಲಿಸಿ, ಗಂಟೆಯನ್ನು ಅದಕ್ಕೆ ತೂಗುಹಾಕಿ, ತಳ್ಳುವಿಕೆಯನ್ನು ಮರವೇ ಆದಷ್ಟು ಹೀರಿಕೊಳ್ಳುವಂತೆ ಮಾಡಿದರು. ಗಂಟೆಯ ಮಟ್ಟದಲ್ಲಿ ನಾಲ್ಕೂ ದಿಕ್ಕಿಗೆ ದೊಡ್ಡ ಕಂಡಿಗಳು; ಕಂಡಿಗಳಿಗೆ ಹೊರಕ್ಕೆ ಇಳಿಜಾರಾಗಿ ಜೋಡಿಸಿದ ಹಲಗೆಗಳು. ಮಳೆ ಒಳಗೆ ಬಾರದು, ನಾದವು ಕೆಳಗಿರುವ ಊರಿನ ಕಡೆಗೆ ಇಳಿಯುವುದು.

ಅಸ್ತಿವಾರವು ಕೆಟ್ಟರೆ ಏನಾಗುವುದೆಂಬುದಕ್ಕೆ ಇಟಲಿಯ ಪೀಸಾ ನಗರದ ವಾಲುಗೋಪುರವೇ ನಿದರ್ಶನ. ವಿದ್ಯಾರ್ಥಿಗಳು ಅದರ ಚಿತ್ರವನ್ನು ನೋಡಿದ್ದಾರೆ. ಅದು ಏಳು ಗಂಟೆಗಳುಳ್ಳ ಗಂಟೆಗೋಪುರವೆಂಬುದು ಹಲವರಿಗೆ ತಿಳಿಯದು. ೧೧೭೩ರಲ್ಲಿ ಕೆಲಸ ಆರಂಭವಾಗಿ, ಮೂರನೆಯ ಅಂತಸ್ತಿನ ವೇಳೆಗೇ ಮೆತ್ತನೆಯ ಜೇಡಿನೆಲವು ಒಂದು ಕಡೆ ಕುಸಿಯಿತು. ವೆನಿಸಿನ ಸಂತ ಮಾರ್ಕನ ಗೋಪುರವು ೧೯೦೨ರ ಜುಲೈ ೧೪ರಂದು ಪೂರ್ತಿಯಾಗಿ ಉರುಳಿಬಿದ್ದಿತು. ಊರಿನವರು ಅದನ್ನು ಇದ್ದಲ್ಲಿಯೇ, ಇದ್ದಂತೆಯೇ ಕಟ್ಟಿ ೧೯೧೨ರಲ್ಲಿ ಮುಗಿಸಿದರು. ನಮಗೆ ಹತ್ತಿರದ ಗೋವೆಯಲ್ಲಿ ಸೇ ಕೆಥೀಡ್ರಲ್ಲಿಗೆ ಎರಡು ಗೋಪುರಗಳಿದ್ದವು. ಒಂದು ೧೭೭೬ರಲ್ಲಿ ಬಿದ್ದಿತು, ಮತ್ತೆ ಏಳಲಿಲ್ಲ. ಬಂಗಾರದ ಗಂಟೆಯೆಂದು ಪ್ರಸಿದ್ಧವಾದ ಹಿರಿಯ ಗಂಟೆಯು ಉಳಿದ ಗೋಪುರದಲ್ಲಿದೆ. ಎತ್ತರಕ್ಕೇರಿದ್ದು ಅಷ್ಟೇ ಎಚ್ಚರದ ಪಾಲನೆಯನ್ನೂ ಬೇಡುತ್ತದೆ.

ಮೈಸೂರು ನಮಗೆ ನೆರೆಯ ನಗರ. ಈ ವಯನಾಡಿನ ಕ್ರೈಸ್ತರೂ ಒಂದು ಕಾಲದಲ್ಲಿ ಮೈಸೂರಿನ ಧರ್ಮಪ್ರಾಂತಕ್ಕೆ ಸೇರಿದವರೇ. ಪಳ್ಳಿಕುನ್ನಿನ ಲೂರ್ದು ಮಾತೆಯ ದೇವಾಲಯವನ್ನು ೧೯೦೮ರಲ್ಲಿ ಸ್ಥಾಪಿಸಿದವರು ಫ್ರಾನ್ಸಿನಿಂದ ಬಂದ ಪಾದ್ರಿಗಳು. ಅಲ್ಲಿಯ ರಥೋತ್ಸವಕ್ಕೆ ಎಲ್ಲ ಮತದವರೂ ಕೂಡುವುದು ನಮ್ಮ ಕಣ್ಣಮುಂದಿನ ಸಂಗತಿ. ಮೈಸೂರಿನ ಸಂತ ಫಿಲೋಮಿನಾ ದೇವಾಲಯಕ್ಕೆ ೧೯೩೩ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರೇ ಅಸ್ತಿವಾರದ ಕಲ್ಲನ್ನಿಟ್ಟರು. ಜರ್ಮನಿಯ ಕೊಲೋನಿನ ಮಹಾದೇವಾಲಯವನ್ನು ನೆನಪಿಗೆ ತರುವ ಅದರ ಜೋಡಿ ಗೋಪುರಗಳು ೧೭೫ ಅಡಿ ಎತ್ತರವಿವೆ. ಹಿಂದೂ ಅರಸನೊಬ್ಬನು ಕ್ರೈಸ್ತ ಪ್ರಜೆಗಳ ಗೋಪುರಕ್ಕೆ ಕಲ್ಲಿಟ್ಟುದು ಆ ಸಂಸ್ಥಾನದ ದೊಡ್ಡತನಕ್ಕೆ ತಕ್ಕುದಾಗಿತ್ತು.

ಅದೇ ನಗರದಲ್ಲಿ ದೊಡ್ಡ ಗಡಿಯಾರವಿದೆ. ನಾಲ್ವಡಿಯವರ ಆಳ್ವಿಕೆಯ ರಜತೋತ್ಸವದ ನೆನಪಿಗಾಗಿ ೧೯೨೭ರಲ್ಲಿ ಅರಮನೆಯ ನೌಕರರು ತಮ್ಮ ಹಣವನ್ನು ಕೂಡಿಸಿ ಕಟ್ಟಿಸಿದ ೭೫ ಅಡಿಯ ಗೋಪುರ ಅದು. ಅದರ ಮುಖದ ಮೇಲಿನ ಅಂಕೆಗಳು ಕನ್ನಡದವು. ಇದನ್ನು ನಾನು ಒತ್ತಿ ಹೇಳುತ್ತೇನೆ. ಕಟ್ಟಿಸಿದವರು ಸಂಬಳದ ಜನ. ಓದಬೇಕಾದವರು ಬೀದಿಯ ಜನ. ಆದುದರಿಂದ ಅಂಕೆಗಳು ಅವರ ಲಿಪಿಯಲ್ಲಿರುವುದೇ ಯುಕ್ತ. ಬಾಬರನ ಆಜ್ಞೆಯಲ್ಲಿ ಕಂಡ ತತ್ತ್ವವೇ ಇಲ್ಲಿಯೂ ಕಾಣುತ್ತದೆ: ಸಾರ್ವಜನಿಕವಾಗಿ ಸಾರುವ ಸಂಗತಿಯು ಸರ್ವರಿಗೂ ತಿಳಿಯುವಂತಿರಬೇಕು.

ಮಹನೀಯರೇ, ಈಗ ನನ್ನ ಮುಖ್ಯವಾದ ಮಾತಿಗೆ ಬರುತ್ತೇನೆ. ಇಂದು ಕೈಯಲ್ಲಿ ಗಡಿಯಾರವಿದೆ, ಜೇಬಿನಲ್ಲಿ ಮೊಬೈಲು ಇದೆ. ಕಾಲವನ್ನು ತಿಳಿಯಲು ಯಾರಿಗೂ ಗೋಪುರ ಬೇಡ. ಹಾಗಾದರೆ ಗಂಟೆಗೋಪುರದ ಕೆಲಸ ಮುಗಿಯಿತೆ? ವಯನಾಡಿನವರು ಹಾಗೆನ್ನಲಾರರು. ೨೦೧೯ರ ಆಗಸ್ಟ್ ೮ರಂದು ಪುತ್ತುಮಲೆಯಲ್ಲಿ ಬೆಟ್ಟ ಕುಸಿದು ೧೭ ಜನ ಮಡಿದರು. ೨೦೨೪ರ ಜುಲೈ ೩೦ರಂದು ನಡುರಾತ್ರಿ ಕಳೆದ ಮೇಲೆ, ಜನರು ನಿದ್ದೆಯಲ್ಲಿದ್ದಾಗ, ಮಲೆಯಾಳದಲ್ಲಿ ಉರುಳ್‌ಪೊಟ್ಟಲ್ ಎನ್ನುವ ಆ ಮಹಾವಿಪತ್ತು ಮುಂಡಕೈ, ಚೂರಲ್ಮಲೆಗಳ ಮೇಲೆ ಎರಗಿತು. ಇನ್ನೂರೈವತ್ತಕ್ಕೂ ಮಿಕ್ಕಿದ ಜನ ಅಳಿದರು. ವೆಳ್ಳಾರ್ಮಲೆಯ ಶಾಲೆಯು ಹಾಳಾಯಿತು. ಅಲ್ಲಿ ಕಲಿಯುತ್ತಿದ್ದ ಮಕ್ಕಳಲ್ಲಿ ಅನೇಕರು ಮರಳಿ ಬರಲಿಲ್ಲ. ಆ ರಾತ್ರಿ ಗಂಟೆಯೊಂದಿದ್ದರೆ ಎಲ್ಲರೂ ಉಳಿಯುತ್ತಿದ್ದರೆಂದು ನಾನು ಹೇಳಲಾರೆ. ಅಂಥ ಮಾತು ಸತ್ತವರಿಗೆ ಸಲ್ಲಿಸುವ ಗೌರವವಲ್ಲ. ಆದರೆ ನಿದ್ದೆಯಲ್ಲಿರುವವನನ್ನು ಎಬ್ಬಿಸಬಲ್ಲದ್ದು ಬೆಳಕಲ್ಲ, ಬರಹವಲ್ಲ, ಸದ್ದು ಎಂಬುದನ್ನು ಮಾತ್ರ ಯಾರೂ ಅಲ್ಲಗಳೆಯಲಾರರು.

೨೦೨೫ರಲ್ಲಿ ಕೇರಳ ಸರ್ಕಾರವು ಕವಚಂ ಎಂಬ ಎಚ್ಚರಿಕೆಯ ವ್ಯವಸ್ಥೆಯನ್ನು ಆರಂಭಿಸಿ, ರಾಜ್ಯದ ಹಲವೆಡೆಗಳಲ್ಲಿ ಎತ್ತರದ ಮೇಲೆ ಸೈರನ್ನುಗಳನ್ನು ನಿಲ್ಲಿಸಿದೆ. ಇವುಗಳನ್ನು ನೋಡಿ ಯಾರೂ ಶಿಲ್ಪಕಲೆಯೆಂದು ಮೆಚ್ಚಲಿಕ್ಕಿಲ್ಲ. ಆದರೂ ಪರಂಪರೆಯಲ್ಲಿ ಇವು ಗಂಟೆಗೋಪುರದ ಮಕ್ಕಳೇ. ಆ ಹಳೆಯ ಗೋಪುರಗಳಿಂದ ನಾವು ಕಲಿಯಬೇಕಾದ ಪಾಠಗಳೂ ಇವೆ. ಒಂದನೆಯದು, ನಾದದ ಅರ್ಥವು ಮೊದಲೇ ನಿಶ್ಚಿತವಾಗಿದ್ದು ಮಗುವಿನಿಂದ ಮುದುಕರವರೆಗೆ ಎಲ್ಲರಿಗೂ ತಿಳಿದಿರಬೇಕು. ಎರಡನೆಯದು, ಆ ಅರ್ಥವನ್ನು ಎಲ್ಲರ ನುಡಿಯಲ್ಲಿಯೂ ಹೇಳಿರಬೇಕು. ಈ ಜಿಲ್ಲೆಯಲ್ಲಿ ಮಲೆಯಾಳದವರಿದ್ದಾರೆ, ಕನ್ನಡದವರಿದ್ದಾರೆ, ತಮಿಳರಿದ್ದಾರೆ, ತಮ್ಮದೇ ನುಡಿಯುಳ್ಳ ಪಣಿಯರೂ ಕಾಟುನಾಯಕರೂ ಇದ್ದಾರೆ. ತೋಟಗಳಲ್ಲಿ ದೂರದ ರಾಜ್ಯಗಳಿಂದ ಬಂದು ದುಡಿಯುವವರಿದ್ದಾರೆ. ಬೆಟ್ಟವು ಕುಸಿಯುವಾಗ ಭಾಷೆಯನ್ನು ಕೇಳುವುದಿಲ್ಲ. ಮೂರನೆಯದು, ಗಂಟೆಯನ್ನು ನೋಡಿಕೊಳ್ಳಲು ಒಬ್ಬ ಗೊತ್ತಾದ ಮನುಷ್ಯನಿರಬೇಕು. ಹಗ್ಗ ಹರಿದ ಗಂಟೆಗೂ ವಿದ್ಯುತ್ತಿಲ್ಲದ ಸೈರನ್ನಿಗೂ ಭೇದವಿಲ್ಲ. ನಾಲ್ಕನೆಯದು, ಸುಮ್ಮಸುಮ್ಮನೆ ಹೊಡೆದ ಗಂಟೆಯನ್ನು ಜನರು ನಂಬುವುದಿಲ್ಲ. ನಂಬಿಕೆ ಹೋದ ಮೇಲೆ ಎಷ್ಟು ಎತ್ತರದ ಗೋಪುರವೂ ಬರಿಯ ಅಲಂಕಾರ.

ಇದಕ್ಕೆ ಶಾಲೆಯೇ ತಕ್ಕ ಸ್ಥಳವೆಂದು ನನ್ನ ಅಭಿಪ್ರಾಯ. ನಮ್ಮ ಹಳ್ಳಿಯ ಶಾಲೆಗಳಲ್ಲಿ ಗಂಟೆಯೆಂದರೆ ಬಹುಮಟ್ಟಿಗೆ ತೂಗುಹಾಕಿದ ಒಂದು ತುಂಡು ರೈಲುಕಂಬಿ. ಅದಕ್ಕೆ ಗೋಪುರವಿಲ್ಲ, ಕಂಚಿಲ್ಲ. ಆದರೂ ಪಾಠದ ಗಂಟೆ ಯಾವುದು, ಊಟದ ಗಂಟೆ ಯಾವುದು, ಮನೆಗೆ ಹೋಗುವ ಗಂಟೆ ಯಾವುದು ಎಂದು ಒಂದನೆಯ ತರಗತಿಯ ಮಗುವೂ ಬಲ್ಲದು. ಇನ್ನೊಂದು ಬಗೆಯ ಗಂಟೆಯನ್ನೂ ಅದಕ್ಕೆ ಕಲಿಸೋಣ: ಕೇಳಿದೊಡನೆ ಪುಸ್ತಕವನ್ನು ಬಿಟ್ಟು, ಕಿರಿಯರ ಕೈಹಿಡಿದು, ಹೊಳೆಯಿಂದ ದೂರಕ್ಕೆ, ಗೊತ್ತುಮಾಡಿದ ಗಟ್ಟಿನೆಲಕ್ಕೆ ನಡೆಯಬೇಕಾದ ಗಂಟೆ. ಮಳೆಗಾಲಕ್ಕೆ ಮುನ್ನ ಪ್ರತಿವರ್ಷವೂ ಅದರ ಅಭ್ಯಾಸವಾಗಲಿ. ಮಕ್ಕಳು ಕಲಿತದ್ದನ್ನು ಮನೆಗಳಲ್ಲಿ ಅಜ್ಜ ಅಜ್ಜಿಯರಿಗೆ ಹೇಳಲಿ. ಇದಕ್ಕೆ ಹೆಚ್ಚಿನ ಹಣ ಬೇಡ. ಸಂಘದ ಸದಸ್ಯರ ಮನಸ್ಸೊಂದಿದ್ದರೆ ಸಾಕು. ದಾನಿಗಳು ಕಟ್ಟಡಕ್ಕೆ ಕೊಟ್ಟ ಹಣದಷ್ಟೇ ಈ ಶಿಕ್ಷಣವೂ ಬೆಲೆಯುಳ್ಳದ್ದು.

ಗೋಪುರದ ಎತ್ತರವನ್ನು ಅಡಿಗಳಿಂದ ಅಳೆಯುತ್ತಾರೆ. ಗಂಟೆಯ ಯೋಗ್ಯತೆಯನ್ನು ಅಳೆಯುವುದು ಅದರ ಕರೆಗೆ ಎಷ್ಟು ಜನ ಎದ್ದು ಬಂದರೆಂಬುದರಿಂದ. ಈ ಅಳತೆಯಲ್ಲಿ ನಮ್ಮ ರೈಲುಕಂಬಿಯ ಗಂಟೆಯು ಯಾವ ನಗರದ ಗೋಪುರಕ್ಕೂ ಕಡಿಮೆಯಾಗದಂತೆ ಮಾಡುವುದು ನಮ್ಮ ಕೈಯಲ್ಲಿದೆ.