ಉಳಿಯುವುದು ಬೇರೆ, ಚೇತರಿಸಿಕೊಳ್ಳುವುದು ಬೇರೆ



ಸೇವಾನಿಧಿಯ ಸಭೆಯಲ್ಲಿ ಸಮುದ್ರದ ಬಸವನಹುಳುವಿನ ಮಾತೇಕೆ ಎಂದು ಕೆಲವರಿಗಾದರೂ ಅನ್ನಿಸಬಹುದು. ನಾವೇನೂ ಭೂವಿಜ್ಞಾನಿಗಳಲ್ಲ, ದಿನವಿಡೀ ಕಂಪ್ಯೂಟರಿನ ಮುಂದೆ ಕೂತು ಹೊಟ್ಟೆ ಹೊರೆಯುವವರು. ಆದರೂ ಈ ನಾಡಿನ ನೆಲದಡಿಯ ಕಲ್ಲಿನ ಕಥೆಯನ್ನು ಓದುತ್ತ ಹೋದಂತೆ ನಮ್ಮ ನಿಧಿಗೆ ಬೇಕಾದ ಒಂದು ಪಾಠ ಅದರಲ್ಲಿ ಸಿಕ್ಕಿತು. ಅದನ್ನೇ ನಿಮ್ಮೆದುರು ಇಡುತ್ತೇವೆ.

ನಾವೆಲ್ಲ ಊರು ಬಿಟ್ಟು ಕತಾರಿಗೆ ಬಂದದ್ದಕ್ಕೆ ನೇರವಾಗಿಯೋ ಸುತ್ತುಬಳಸಿಯೋ ಕಾರಣವಾದದ್ದು ಇಲ್ಲಿನ ಅನಿಲ. ನಾರ್ತ್ ಫೀಲ್ಡ್ ಎಂಬ ಅನಿಲ ನಿಕ್ಷೇಪ ಪತ್ತೆಯಾದದ್ದು 1971ರಲ್ಲಿ. ದ್ರವೀಕರಿಸಿದ ಅನಿಲದ ಮೊದಲ ಹಡಗು 1996ರ ಕೊನೆಯಲ್ಲಿ ಜಪಾನಿಗೆ ಹೊರಟಿತು. 2004ರಲ್ಲಿ ಗುಜರಾತಿನ ದಹೇಜ್ ಬಂದರಿಗೂ ಬಂತು. ಈ ಅನಿಲ ಅಡಗಿ ಕೂತಿರುವುದು ಕಡಲ ತಳದಿಂದ ಬಹಳ ಕೆಳಗೆ, ಖುಫ್ ಎಂದು ಕರೆಯುವ ಸುಣ್ಣಕಲ್ಲಿನ ಪದರಗಳಲ್ಲಿ. ಅರೇಬಿಯದ ಅಂಚಿನಲ್ಲಿ ಒಂದು ಕಾಲಕ್ಕೆ ಹರಡಿದ್ದ ಬೆಚ್ಚಗಿನ, ಆಳವಿಲ್ಲದ ಸಮುದ್ರದ ಕೆಸರು ಗಟ್ಟಿಯಾಗಿ ಆದ ಕಲ್ಲು ಅದು. ಅದರ ಕೆಳಭಾಗ ಪರ್ಮಿಯನ್ ಯುಗದ್ದು, ಮೇಲ್ಭಾಗ ಟ್ರಯಾಸಿಕ್ ಯುಗದ್ದು. ಈ ಎರಡರ ನಡುವಿನ ಗೆರೆಯಲ್ಲೇ ಭೂಮಿ ಕಂಡ ಅತಿ ದೊಡ್ಡ ಸಾವಿನ ದಾಖಲೆ ಇದೆ.

ಅದು ನಡೆದದ್ದು ಸುಮಾರು 25 ಕೋಟಿ 20 ಲಕ್ಷ ವರ್ಷಗಳ ಹಿಂದೆ. ನಮ್ಮ ವಿಜಯಪುರ, ಕಲಬುರಗಿ ಕಡೆಯ ಕಪ್ಪುಕಲ್ಲು ಹಿಂದೊಮ್ಮೆ ಲಾವಾ ಆಗಿ ಹರಿದದ್ದು ತಾನೆ? ಅದಕ್ಕೂ ಬಹಳ ಮೊದಲು, ಅದಕ್ಕಿಂತ ದೊಡ್ಡ ಪ್ರಮಾಣದಲ್ಲಿ, ಸೈಬೀರಿಯದಲ್ಲಿ ಲಾವಾ ಉಕ್ಕಿ ಹರಿಯಿತು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿತು, ಕಡಲು ಕಾದಿತು, ನೀರಿನಲ್ಲಿ ಆಮ್ಲಜನಕ ಕಡಿಮೆಯಾಯಿತು. ಕಡಲಜೀವಿಗಳ ಪ್ರಭೇದಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಅಳಿದುಹೋದವು.

ಆಗ ಬದುಕಿದ್ದ ಒಂದು ಬಳಗದ ಹೆಸರು ಬೆಲ್ಲೆರೊಫಾನ್. 1808ರಲ್ಲಿ ಫ್ರಾನ್ಸಿನ ಡೆನಿ ದ ಮಾಂಟ್‌ಫೋರ್ ಎಂಬುವರು ಗ್ರೀಕ್ ಪುರಾಣದ ಒಬ್ಬ ವೀರನ ಹೆಸರನ್ನು ಇದಕ್ಕೆ ಇಟ್ಟರು. ನಾವು ಬಲ್ಲ ಶಂಖವನ್ನು ನೆನಪಿಸಿಕೊಳ್ಳಿ: ಅದರ ಸುರುಳಿ ಒಂದು ಪಕ್ಕಕ್ಕೆ ತಿರುಚಿಕೊಂಡು ಮೊನೆಯಾಗುತ್ತದೆ. ಬೆಲ್ಲೆರೊಫಾನಿನ ಚಿಪ್ಪು ಹಾಗಲ್ಲ. ಸುತ್ತಿಟ್ಟ ಚಾಪೆಯ ಹಾಗೆ ನೇರವಾಗಿ ಸುತ್ತಿಕೊಂಡಿರುತ್ತದೆ. ಎಡ ಬಲ ಎರಡೂ ಒಂದೇ ಸಮ. ಬಾಯಿಯ ಅಂಚಿನ ನಡುವೆ ಒಂದು ಸೀಳು ಇರುತ್ತದೆ. ಇವು ನಿಜಕ್ಕೂ ಬಸವನಹುಳುಗಳೇ, ಅಥವಾ ಅವುಗಳ ದಾಯಾದಿಗಳೇ ಎಂದು ವಿದ್ವಾಂಸರಲ್ಲಿ ಬಹಳ ಕಾಲ ಚರ್ಚೆ ನಡೆದಿದೆ. ಇಟಲಿಯ ಡೋಲೊಮೈಟ್ ಬೆಟ್ಟಗಳಲ್ಲಿ ಒಂದು ಶಿಲಾಸ್ತರಕ್ಕೇ ಇವುಗಳ ಹೆಸರಿದೆ. ಸುಮಾರು 50 ಕೋಟಿ ವರ್ಷಗಳ ಹಿಂದೆ ಹುಟ್ಟಿದ ವಂಶ ಇದು. ಮಹಾದುರಂತ ಬರುವ ಹೊತ್ತಿಗೆ ಅದಾಗಲೇ ಎರಡು ಮಹಾವಿನಾಶಗಳನ್ನು ದಾಟಿ ಬಂದಿತ್ತು.

ಈ ಮೂರನೆಯದನ್ನೂ ಬೆಲ್ಲೆರೊಫಾನ್ ಬಳಗ ದಾಟಿತು! ಟ್ರಯಾಸಿಕ್ ಯುಗದ ಮೊದಮೊದಲ ಕಲ್ಲುಗಳಲ್ಲಿ, ಜಗತ್ತಿನ ಹಲವು ಕಡೆ, ಇವುಗಳ ಚಿಪ್ಪುಗಳು ಹೇರಳವಾಗಿ ಸಿಗುತ್ತವೆ. ನೋಡಿದವರು ಗಂಡಾಂತರ ಕಳೆಯಿತು ಎಂದೇ ಹೇಳಬೇಕು. ಆದರೆ ಕೆಲವೇ ಹತ್ತು ಲಕ್ಷ ವರ್ಷಗಳಲ್ಲಿ, ಉಳಿದ ಜೀವಿಗಳು ಮತ್ತೆ ತಲೆಯೆತ್ತುತ್ತಿದ್ದ ಕಾಲದಲ್ಲೇ, ಈ ಬಳಗ ಸದ್ದಿಲ್ಲದೆ ಕಣ್ಮರೆಯಾಯಿತು. ಮಹಾವಿನಾಶವನ್ನು ದಾಟಿಯೂ ಚೇತರಿಸಿಕೊಳ್ಳಲಾಗದ ಇಂಥ ವಂಶಗಳ ಬಗ್ಗೆ ಅಮೆರಿಕದ ಡೇವಿಡ್ ಜಬ್ಲಾನ್‌ಸ್ಕಿ 2002ರಲ್ಲಿ ಬರೆದರು. ನಡೆದಾಡುತ್ತಿರುವ ಮೃತವಂಶ ಎಂಬ ಅರ್ಥದ ಮಾತನ್ನು ಬಳಸಿದರು. 2011ರಲ್ಲಿ ಆಂಡ್ರೆ ಕೈಮ್ ಮತ್ತು ಅಲೆಕ್ಸಾಂಡರ್ ನ್ಯುಟ್ಸೆಲ್ ಎಂಬ ವಿಜ್ಞಾನಿಗಳು ಅದೇ ಮಾತನ್ನು ಬೆಲ್ಲೆರೊಫಾನ್ ಬಳಗಕ್ಕೆ ಅನ್ವಯಿಸಿದರು.

ಈ ಕಥೆಗೆ ಇನ್ನೊಂದು ಮುಖವೂ ಇದೆ, ಅದು ನಮ್ಮ ನೆರೆಯ ಒಮಾನ್‌ನದು. ಅಲ್ಲಿನ ವಾದಿ ವಸೀತ್ ಎಂಬಲ್ಲಿ ಅದೇ ದುರಂತದ ಬೆನ್ನಿಗೇ ಬಂದ ಕಾಲದ ಸುಣ್ಣಕಲ್ಲಿನಲ್ಲಿ ಬಗೆಬಗೆಯ ಚಿಪ್ಪುಜೀವಿಗಳು ಒಟ್ಟಿಗೆ ಸಿಕ್ಕಿವೆ. ಬೇರೆ ಕಡೆ ಲಕ್ಷಾಂತರ ವರ್ಷ ಹಿಡಿದ ಚೇತರಿಕೆ ಅಲ್ಲಿ ಬೇಗ ಆಯಿತು. 2004ರಲ್ಲಿ ರಿಚರ್ಡ್ ಟ್ವಿಚೆಟ್ ಮತ್ತು ಸಂಗಡಿಗರು ಇದಕ್ಕೆ ಕೊಟ್ಟ ಕಾರಣ ಸರಳವಾದದ್ದು: ಆ ಒಂದು ತಾಣದ ನೀರಿನಲ್ಲಿ ಆಮ್ಲಜನಕ ಇತ್ತು. ದುರಂತ ಎಲ್ಲರಿಗೂ ಒಂದೇ. ಆಮೇಲಿನ ನೀರು ಮಾತ್ರ ಬೇರೆ.

ಬಂಧುಗಳೇ, ನಮ್ಮ ನಡುವಿನ ಒಬ್ಬ ದುಡಿಯುವ ಮನುಷ್ಯ ಅಪಘಾತದಲ್ಲಿ ತೀರಿಕೊಂಡರೆ ಮೊದಲ ವಾರ ನಾವು ಯಾರೂ ಹಿಂದೆ ಬೀಳುವುದಿಲ್ಲ. ರಾಯಭಾರ ಕಚೇರಿಯ ಕಾಗದಪತ್ರ, ಪಾರ್ಥಿವ ಶರೀರವನ್ನು ಊರಿಗೆ ಕಳಿಸುವುದು, ಮನೆಯವರ ಕೈಗೆ ಒಂದಿಷ್ಟು ಹಣ, ಎಲ್ಲವೂ ಆಗುತ್ತದೆ. ಆ ಸಂಸಾರ ಉಳಿಯಿತು ಎಂದು ನಾವು ನಮ್ಮ ನಮ್ಮ ಕೆಲಸಕ್ಕೆ ಮರಳುತ್ತೇವೆ. ಮೂರನೆಯ ವರ್ಷ ಮಗಳು ಪಿಯುಸಿಗೆ ಸೇರುವಾಗ, ಮನೆಗೆ ತೆಗೆದ ಸಾಲದ ಕಂತು ತಪ್ಪುವಾಗ, ವಯಸ್ಸಾದ ಅತ್ತೆಯ ಔಷಧಿ ಮುಗಿದಾಗ ಆ ತಾಯಿಯ ಫೋನಿಗೆ ಇಲ್ಲಿಂದ ಒಂದು ಕರೆಯೂ ಹೋಗುವುದಿಲ್ಲ. ಡಯಾಲಿಸಿಸ್ ಹಿಡಿದು ಊರಿಗೆ ಮರಳಿದವರ ಪಾಡೂ ಇದೇ. ಕಣ್ಣಿಗೆ ಬೀಳುವ ಸಂಕಟಕ್ಕೆ ಕೈಗಳು ಹಲವು. ಕಣ್ಣಿಗೆ ಬೀಳದ ವರ್ಷಗಳಿಗೆ ಯಾರೂ ಇಲ್ಲ.

ಆದ್ದರಿಂದ ಈ ಸಲ ನಮ್ಮ ಬೇಡಿಕೆ ಎರಡು. ಒಮ್ಮೆ ದೊಡ್ಡ ಮೊತ್ತ ಕೊಡುವವರಿಗೆ ವಂದನೆಗಳು. ಆದರೆ ಪ್ರತಿ ಮನೆಯಿಂದ ತಿಂಗಳಿಗೊಮ್ಮೆ, ಎಷ್ಟೇ ಚಿಕ್ಕದಾಗಲಿ, ನಿಲ್ಲದೆ ಬರುವ ಒಂದು ಮೊತ್ತ ಬೇಕು. ಬ್ಯಾಂಕಿಗೆ ಒಂದು ಸಲ ಹೇಳಿಟ್ಟರೆ ಸಾಕು. ಎರಡನೆಯದಕ್ಕೆ ದುಡ್ಡೇ ಬೇಡ. ನಿಧಿ ನೆರವಾದ ಒಂದೊಂದು ಸಂಸಾರವನ್ನು ಇಲ್ಲಿನ ಒಂದೊಂದು ಮನೆ ವಹಿಸಿಕೊಂಡು ತಿಂಗಳಿಗೊಂದು ಫೋನ್ ಮಾಡಲಿ. ಐದು ವರ್ಷ ಮಾಡಲಿ. ಮಕ್ಕಳ ಓದು ಹೇಗಿದೆ, ಅಮ್ಮನ ಆರೋಗ್ಯ ಹೇಗಿದೆ ಎಂದು ಕೇಳಿ ಸಮಿತಿಗೆ ತಿಳಿಸಲಿ.

ಇಂದು ಸಭೆ ಮುಗಿದ ಮೇಲೆ ಬಾಗಿಲ ಬಳಿಯ ಮೇಜಿನ ಮೇಲೆ ಪುಸ್ತಕ ಇರುತ್ತದೆ. ಊಟಕ್ಕೆ ಮೊದಲು ದಯವಿಟ್ಟು ಹೆಸರು ಬರೆಸಿ.