ತಗಡಿನ ರೈಲು ಮತ್ತು ಮೂಲಪಾಠ



ನಮ್ಮ ಊರು ಮಾಗಡಿ. ಬೆಂಗಳೂರಿನ ಹತ್ತಿರದ ಮಾಗಡಿಯಲ್ಲ, ಶಿರಹಟ್ಟಿ ತಾಲೂಕಿನ ಮಾಗಡಿ. ಚಳಿಗಾಲ ಬಂತೆಂದರೆ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ನಮ್ಮ ಕೆರೆಗೆ ಬಂದಿಳಿಯುತ್ತವೆ. ಅಷ್ಟು ದೂರದ ಹಕ್ಕಿಗಳಿಗೆ ದಾರಿ ಗೊತ್ತಿರುವ ಈ ಊರಿಗೆ ರೈಲು ಮಾತ್ರ ಬಂದಿಲ್ಲ. ರೈಲು ಕಾಣಬೇಕಾದರೆ ಗದಗಿಗೋ ಯಲವಿಗಿಗೋ ಹೋಗಬೇಕು. ಆದರೂ ನಮ್ಮ ಮನೆಯ ಅಟ್ಟದ ಮೇಲೆ ಒಂದು ರೈಲು ಇತ್ತು. ಅಂಗೈ ಅಗಲದ ತಗಡಿನ ಎಂಜಿನ್ನು, ಎರಡು ಡಬ್ಬಿ, ಒಂದು ಕೀಲಿಕೈ. ಇವೊತ್ತಿನ ನನ್ನ ಮಾತು ಆ ರೈಲನ್ನು ಕುರಿತದ್ದು. ಹಳೆಯದನ್ನು ಹೊಸದು ಮಾಡಹೊರಟ ನನ್ನ ಪಾಂಡಿತ್ಯವನ್ನು ಕುರಿತದ್ದೂ ಹೌದು.

ಆ ಆಟಿಕೆ ಇಂಗ್ಲೆಂಡಿನದು. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಎಂಬಾತ 1920ರಲ್ಲಿ ಸ್ಪ್ರಿಂಗಿನ ಬಲದಿಂದ ಓಡುವ ತಗಡಿನ ರೈಲುಗಳನ್ನು ಮಾರಾಟಕ್ಕೆ ತಂದನು. ಎರಡು ಹಳಿಗಳ ನಡುವೆ 32 ಮಿಲಿಮೀಟರು ಅಂತರ. ಇದಕ್ಕೆ ‘ಓ ಗೇಜ್’ ಎಂದು ಹೆಸರು. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ನಮ್ಮ ಅಜ್ಜನವರು ಅಂಥದೊಂದನ್ನು ಯಾರಿಂದಲೋ ಪಡೆದು ಮನೆಗೆ ತಂದಿದ್ದರು. ನಾನು ಕಂಡಾಗ ಎಂಜಿನ್ನಿಗೆ ದಪ್ಪವಾದ, ಒರಟಾದ ಕಪ್ಪು ಬಣ್ಣ ಬಳಿದಿತ್ತು. ಬಗಲಿನಲ್ಲಿ ಏನೋ ಬಿಳಿಯ ಕಲೆಗಳು. ಒಂದು ಕಡೆ ಬಣ್ಣ ಎದ್ದು, ಒಳಗಿನ ತಿಳಿಹಸಿರು ಇಣುಕುತ್ತಿತ್ತು.

ನಾನು ಕನ್ನಡ ಪಂಡಿತ. ಮೂಲ ಎಂಬ ಮಾತು ಕೇಳಿದರೆ ಮೈ ನವಿರೇಳುವ ಜಾತಿ. ಹಸಿರೇ ಮೂಲ, ಕಪ್ಪು ಪ್ರಕ್ಷಿಪ್ತ ಎಂದು ಒಂದೇ ನೋಟಕ್ಕೆ ತೀರ್ಪು ಕೊಟ್ಟೆ. ಬೇಸಿಗೆಯ ರಜೆಯಲ್ಲಿ ಬಣ್ಣ ಕೀಳುವ ದ್ರಾವಣ ತಂದು, ಕಪ್ಪನ್ನೆಲ್ಲ ತೆಗೆದುಹಾಕಿದೆ. ದ್ರಾವಣಕ್ಕೆ ಮೂಲ ಯಾವುದು, ಪ್ರಕ್ಷೇಪ ಯಾವುದು ಎಂಬ ವಿವೇಕವಿಲ್ಲ. ಕಪ್ಪಿನ ಜೊತೆ ಹಸಿರೂ ಅರ್ಧ ಹೋಯಿತು. ಹೋದ ಕಡೆಗೆಲ್ಲ ಪೇಟೆಯ ಹಸಿರು ಬಳಿದೆ. ಎಂಜಿನ್ನು ಮಿರಮಿರನೆ ಮಿಂಚಿತು. ಓಣಿಯವರೆಲ್ಲ ಬಂದು ನೋಡಿ ಹೊಗಳಿದರು.

ಎಂಬತ್ತು ದಾಟಿದ ನಮ್ಮ ಸೋದರತ್ತೆ ಮಾತ್ರ ಹೊಗಳಲಿಲ್ಲ. ಎಂಜಿನ್ನನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, “ಅಣ್ಣ ಬರೆದದ್ದು ಎಲ್ಲಿ ಹೋತು?” ಎಂದು ಕೇಳಿದಳು.

ಆಗ ತಿಳಿಯಿತು ನನಗೆ. 1950ರ ದಶಕದ ಮೊದಲಲ್ಲಿ, ಹತ್ತು ಹನ್ನೆರಡು ವರ್ಷದ ಹುಡುಗನಾಗಿದ್ದ ನಮ್ಮ ತಂದೆ ಮೊದಲ ಸಲ ಗದಗಿಗೆ ಹೋಗಿ ಮೀಟರ್ ಗೇಜಿನ ಎಂಜಿನ್ನು ಕಂಡರಂತೆ. ಅದು ಕಪ್ಪಗಿತ್ತು. ಮನೆಗೆ ಬಂದವರೇ “ಹಸಿರು ಎಂಜಿನ್ನು ಎಲ್ಲಿಯಾದರೂ ಉಂಟೇ?” ಎಂದು, ಚಕ್ಕಡಿಗೆ ಬಳಿದು ಮಿಕ್ಕ ಕಪ್ಪು ಬಣ್ಣವನ್ನು ಆಟಿಕೆಗೆ ಬಳಿದು, ಬಗಲಿನಲ್ಲಿ ಸುಣ್ಣದ ಕಡ್ಡಿಯಿಂದ ‘ಗದಗ’ ಎಂದು ಬರೆದರಂತೆ. ನಾನು ಕಲೆ ಎಂದು ತಿಳಿದದ್ದು ಆ ಮೂರು ಅಕ್ಷರ! ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದ ಪಂಡಿತನಿಗೆ ಹೆತ್ತ ತಂದೆಯ ಕೈಬರಹ ಓದಲು ಬರಲಿಲ್ಲ. ಅವರು ತೀರಿಕೊಂಡು ಬಹಳ ವರ್ಷಗಳಾಗಿವೆ. ಅವರ ಬಾಲ್ಯದ ಬರಹ ಮನೆಯಲ್ಲಿ ಅದೊಂದೇ ಇತ್ತು.

ಹಳೆಯ ಆಟಿಕೆಗಳನ್ನು ದುರಸ್ತಿ ಮಾಡುವವರಲ್ಲಿ ಎರಡು ಪಕ್ಷಗಳುಂಟು. ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆಯೇ ಇರಬೇಕೆನ್ನುವುದು ಒಂದು. ವಸ್ತು ನನ್ನದು, ಬಣ್ಣ ನನ್ನ ಇಷ್ಟದ್ದು ಎನ್ನುವುದು ಇನ್ನೊಂದು. ನಾನು ಮೊದಲನೆಯ ಪಕ್ಷದವನೆಂದು ನಂಬಿದ್ದೆ. ಈಗ ಯೋಚಿಸಿದರೆ, ಮೂಲದ ಹೆಸರಿನಲ್ಲಿ ನಾನು ನಡೆಸಿದ್ದೂ ನನ್ನ ಅಭಿರುಚಿಯನ್ನೇ. ಒರಟು ಕಪ್ಪು ನನಗೆ ಹಿಡಿಸಲಿಲ್ಲ, ಅಷ್ಟೆ.

ಗ್ರಂಥಸಂಪಾದನೆಯಲ್ಲಿ ನಮಗೆ ಕಲಿಸಿದ್ದು ಬೇರೆ. ಓಲೆಗರಿಯ ಪ್ರತಿಯಲ್ಲಿ ಒಂದು ಪಾಠ ತಪ್ಪೆಂದು ತೋರಿದರೂ ಅದನ್ನು ಅಳಿಸಬಾರದು. ನಮ್ಮ ಊಹೆಯನ್ನು ಕಂಸದಲ್ಲಿಡಬೇಕು. ಪಾಠಾಂತರವನ್ನು ಅಡಿಯಲ್ಲಿ ಕಾಣಿಸಬೇಕು. ಮುಂದೆ ಬರುವವನು ನಮಗಿಂತ ಜಾಣನಿರಬಹುದು. ಅವನಿಗೆ ದಾರಿ ಬಿಟ್ಟಿರಬೇಕು. ಕಾವ್ಯಕ್ಕೆ ಸಲ್ಲುವ ಈ ನ್ಯಾಯ ತಗಡಿನ ಎಂಜಿನ್ನಿಗೂ ಸಲ್ಲುತ್ತದೆ ಎಂದು ನನಗೆ ಹೊಳೆಯಲಿಲ್ಲ.

ಹಾಗಾದರೆ ಹಳೆಯದಕ್ಕೆ ಬಣ್ಣ ಹಚ್ಚುವುದೇ ತಪ್ಪೆ? ಅಲ್ಲ. ನಮ್ಮಲ್ಲಿ ಗ್ರಾಮದೇವಿಯ ಮರದ ಮೂರ್ತಿಗೆ ಜಾತ್ರೆಯ ಮುಂಚೆ ಹೊಸ ಬಣ್ಣ ಮಾಡಿಸುವ ಪದ್ಧತಿಯಿದೆ. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರರ ಮನೆತನಗಳಿವೆ. ಹಗುರಾದ ಮರ, ಹುಣಿಸೆಬೀಜದ ಅಂಟು, ಮರದ ಹೊಟ್ಟು ಇವುಗಳಿಂದ ಮೂರ್ತಿ ಬೊಂಬೆಗಳನ್ನು ಮಾಡಿ ಬಣ್ಣ ಹಾಕುವ ವಿದ್ಯೆ ಅವರಿಗೆ ತಲೆಮಾರಿನಿಂದ ಬಂದದ್ದು. ದೇವಿಯ ವಿಷಯದಲ್ಲಿ ನವೀಕರಣವೇ ಸಂಪ್ರದಾಯ. ಅದನ್ನು ಮಾಡುವ ಕೈಗೂ ವಿಧಾನಕ್ಕೂ ಕಟ್ಟುಪಾಡುಂಟು. ನಮ್ಮ ಅಟ್ಟದ ರೈಲಿಗೆ ಅಂಥ ಸಂಪ್ರದಾಯವೇನೂ ಇರಲಿಲ್ಲ. ಇದ್ದದ್ದು ಒಬ್ಬ ಹುಡುಗನ ಒಂದು ದಿನದ ಸಂಭ್ರಮ.

ನಿಮ್ಮ ಮನೆಗಳಲ್ಲಿಯೂ ಇಂಥ ಆಟಿಕೆಗಳು ಇದ್ದಾವು. ಪೆಟ್ಟುತಿಂದು ಕಲಿತ ನಾಲ್ಕು ಮಾತು ಹೇಳುತ್ತೇನೆ. ಮೊದಲು ಮನೆಯ ಹಿರಿಯರನ್ನು ಕೇಳಿರಿ; ಕೈಹಚ್ಚುವ ಮುಂಚೆ ಎಲ್ಲ ಮಗ್ಗಲುಗಳಿಂದಲೂ ಚಿತ್ರ ತೆಗೆದಿಡಿರಿ. ಮೆತ್ತನೆಯ ಬಟ್ಟೆಯಿಂದ ಧೂಳು ಒರೆಸಿ, ಯಂತ್ರದ ಕೀಲುಗಳಿಗೆ ಒಂದೆರಡು ಹನಿ ತಿಳಿಯೆಣ್ಣೆ ಬಿಟ್ಟರೆ ಮುಕ್ಕಾಲು ಕೆಲಸ ಮುಗಿಯಿತು. ಓಡುವುದಕ್ಕೆ ಬೇಕಾದ ಭಾಗ ಕೆಟ್ಟಿದ್ದರೆ ಬದಲಿಸಬಹುದು. ಆ ಕಾಲದ ಗಾಲಿಗಳು ಹಲವು ಸತುವಿನ ಮಿಶ್ರಲೋಹದವು. ಅದರಲ್ಲಿ ಸೀಸದ ಕಲ್ಮಷ ಸೇರಿದ್ದರೆ ವರ್ಷಗಳು ಕಳೆದಂತೆ ತಾವಾಗಿಯೇ ಬಿರುಕುಬಿಟ್ಟು ಪುಡಿಯಾಗುತ್ತವೆ. ಹೊಸ ಗಾಲಿ ಹಾಕಿರಿ. ಹಳೆಯದನ್ನು ಎಸೆಯದೆ ಪೊಟ್ಟಣ ಕಟ್ಟಿ ಜೊತೆಗಿಡಿರಿ. ಬಣ್ಣದ ವಿಷಯದಲ್ಲಿ, ತಿರುಗಿ ತೆಗೆಯಲಾಗದ್ದನ್ನು ಹಚ್ಚಬೇಡಿರಿ, ತಿರುಗಿ ತರಲಾಗದ್ದನ್ನು ತೆಗೆಯಬೇಡಿರಿ. ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವವುಂಟು. ಉಜ್ಜುಕಾಗದದಿಂದ ಒಣಗಿದಂತೆಯೇ ಕೆರೆದರೆ ಅದರ ಧೂಳು ಅಪಾಯಕರ. ಇಂಥದನ್ನು ಮಕ್ಕಳ ಕೈಗೆ ಆಟಕ್ಕೆ ಕೊಡಲೂಬಾರದು.

ಸ್ವಂತ ಅಭಿರುಚಿಗೆ ಎಡೆಯೇ ಇಲ್ಲವೆ ಎಂದು ನೀವು ಕೇಳಬಹುದು. ಇದೆ. ನನ್ನ ಅಣ್ಣನ ಮೊಮ್ಮಗ ಆ ಎಂಜಿನ್ನಿಗೆ ಕೆಂಪು ಬಳಿಯೋಣವೆಂದು ಹಟ ಹಿಡಿದ. ಅವನಿಗೆ ಬಣ್ಣವಿಲ್ಲದ ಒಂದು ಮರದ ರೈಲು ತಂದುಕೊಟ್ಟೆ. ಅವನು ಅದಕ್ಕೆ ಕೆಂಪು, ಹಳದಿ, ನೇರಳೆ ಎಲ್ಲವನ್ನೂ ಬಳಿದು, ತನ್ನ ಹೆಸರನ್ನು ಬರೆದುಕೊಂಡಿದ್ದಾನೆ. ಅರವತ್ತು ವರ್ಷದ ಮೇಲೆ ಯಾವ ಪಂಡಿತನೂ ಅದನ್ನು ಕೆರೆಯದಿರಲಿ!

ತಗಡಿನ ಎಂಜಿನ್ನು ಈಗಲೂ ನನ್ನ ಹಸಿರಿನಲ್ಲಿಯೇ ಇದೆ. ಅದರ ಮೇಲೆ ಮತ್ತೆ ಕಪ್ಪು ಬಳಿದು ‘ಗದಗ’ ಎಂದು ಬರೆಯೋಣವೆಂದು ಒಂದು ದಿನ ಕುಂಚ ಹಿಡಿದೆ. ಕೈ ಬರಲಿಲ್ಲ. ಬರೆದರೂ ಆ ಅಕ್ಷರ ನನ್ನದಾಗುತ್ತಿತ್ತು, ಅವರದಾಗುತ್ತಿರಲಿಲ್ಲ. ನಮ್ಮ ಹಳೆಯ ಲಿಪಿಕಾರರು ಓಲೆಯ ಕೊನೆಯಲ್ಲಿ, ತಪ್ಪಿದ್ದರೆ ಬಲ್ಲವರು ಮನ್ನಿಸಿ ತಿದ್ದಿಕೊಳ್ಳಿರೆಂದು ಬೇಡಿಕೊಳ್ಳುತ್ತಿದ್ದರು. ನಾನೂ ಒಂದು ಚೀಟಿಯಲ್ಲಿ ನಡೆದದ್ದನ್ನೆಲ್ಲ ಬರೆದು ಎಂಜಿನ್ನಿನ ಪೆಟ್ಟಿಗೆಯೊಳಗೆ ಇಟ್ಟಿದ್ದೇನೆ: ಮೊದಲು ಹಸಿರು, ಆಮೇಲೆ ತಂದೆಯವರ ಕಪ್ಪು, ಆಮೇಲೆ ನನ್ನ ತಪ್ಪು.