ಮಗನ ಆಟ, ಶಾಲೆಯ ಪಾಠ: ಒಂದೇ ಕಂಪ್ಯೂಟರಿಗೆ ಯಾವ ಪ್ರೊಸೆಸರ್?

(ತಾಳವಾಡಿ ಭಾಗದ ಕನ್ನಡ ಮಾಧ್ಯಮ ಶಾಲೆಗಳ ಪೋಷಕರ ಸಭೆಯಲ್ಲಿ, ವೆಳ್ಳಕೋಯಿಲಿನಲ್ಲಿ ಕಂಪ್ಯೂಟರ್ ಜೋಡಿಸುವ ಕೆಲಸ ಮಾಡುವ ಕನ್ನಡಿಗರೊಬ್ಬರು ಆಡಿದ ಮಾತುಗಳ ಬರಹರೂಪ.)



ನಮ್ಮ ಸಭೆಗಳಲ್ಲಿ ಪಠ್ಯಪುಸ್ತಕದ ಮಾತು, ಶಿಕ್ಷಕರ ಹುದ್ದೆಯ ಮಾತು, ಪರೀಕ್ಷೆಯ ಮಾತು ಬರುವುದು ವಾಡಿಕೆ. ಇಂದು ಪ್ರೊಸೆಸರಿನ ಮಾತು ಎಂದಾಗ ಹಿಂದಿನ ಸಾಲಿನಲ್ಲಿ ಒಬ್ಬಿಬ್ಬರು ನಕ್ಕಿದ್ದು ನನಗೂ ಕಾಣಿಸಿತು. ನಗಬಹುದು. ಆದರೆ ಇಲ್ಲಿಗೆ ಬಂದಾಗಲೆಲ್ಲ ತಾವೇ ನನ್ನನ್ನು ಕೇಳುವ ಪ್ರಶ್ನೆ ಇದು: "ಹುಡುಗ ಗೇಮಿಂಗ್ ಕಂಪ್ಯೂಟರ್ ಬೇಕೆಂದು ಹಟ ಹಿಡಿದಿದ್ದಾನೆ, ಕೊಡಿಸಲೋ ಬೇಡವೋ?" ಶಿಕ್ಷಕರು ಕೇಳುವುದು ಬೇರೆ: "ಪಾಠ ವಿಡಿಯೋ ಮಾಡಿದ್ದೇವೆ, ಯಾರ ಫೋನಿಗೂ ಕಳಿಸಲಾಗುತ್ತಿಲ್ಲ, ಏನು ಮಾಡೋಣ?" ಈ ಎರಡಕ್ಕೂ ಒಂದೇ ಯಂತ್ರ ಸಾಕು, ಅದರ ಪ್ರೊಸೆಸರನ್ನು ತಿಳಿದು ಆರಿಸಿದರೆ. ಇಷ್ಟು ಹೇಳುವುದಕ್ಕೇ ನಾನು ದಿಂಬಂನ 27 ತಿರುವು ಹತ್ತಿ ಬಂದಿದ್ದೇನೆ.

ಮೊದಲು ಪಾಠದ ಮಾತು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಏನಾಯಿತೆಂದು ನೆನಪಿಸಿಕೊಳ್ಳಿ. ತಮಿಳುನಾಡಿನ ಕಲ್ವಿ ತೊಲೈಕ್ಕಾಟ್ಚಿ 2019ರಲ್ಲೇ ಆರಂಭವಾಗಿತ್ತು, ಆದರೆ ಅದರಲ್ಲಿ ಬಂದದ್ದು ಮುಖ್ಯವಾಗಿ ತಮಿಳಿನ ಪಾಠ. ಚಂದನ ವಾಹಿನಿಯಲ್ಲಿ ಕನ್ನಡದ ಪಾಠ ಬಂತು, ಅದು ಕರ್ನಾಟಕದ ಪಠ್ಯಕ್ರಮದ್ದು. ನಮ್ಮ ಮಕ್ಕಳ ಭಾಷೆ ಅಲ್ಲಿತ್ತು, ಅವರ ಪುಸ್ತಕ ಅಲ್ಲಿರಲಿಲ್ಲ. ಕೇರಳದಲ್ಲಿ ಆ ಜೂನ್ ತಿಂಗಳಲ್ಲಿ ಫಸ್ಟ್ ಬೆಲ್ ಪಾಠಗಳು ಆರಂಭವಾದಾಗ ಕಾಸರಗೋಡಿನ ಮಕ್ಕಳಿಗೆಂದು ಕನ್ನಡದಲ್ಲೂ ಪಾಠಗಳು ತಯಾರಾದವು. ಸಂವಿಧಾನದ 350ಎ ವಿಧಿಯು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದು 1956ರಿಂದ ಹೇಳುತ್ತಿದೆ. ಅದನ್ನು ಕೇಳುವುದನ್ನು ನಾವು ಬಿಡಬಾರದು. ಆದರೆ ಏಳನೆಯ ತರಗತಿಯ ಭಿನ್ನರಾಶಿಯ ಪಾಠವನ್ನು ನಮ್ಮದೇ ಶಿಕ್ಷಕರಿಂದ ಹೇಳಿಸಿ ಮಕ್ಕಳಿಗೆ ತಲುಪಿಸಲು ಯಾರ ಆದೇಶಕ್ಕೂ ಕಾಯಬೇಕಿಲ್ಲ.

ಅಡ್ಡಿ ಬರುವುದು ಗಾತ್ರದಲ್ಲಿ. ಫೋನಿನಲ್ಲಿ ಒಳ್ಳೆಯ ಗುಣಮಟ್ಟದಲ್ಲಿ ಚಿತ್ರೀಕರಿಸಿದರೆ ಒಂದು ನಿಮಿಷಕ್ಕೆ ಸುಮಾರು 130 ಎಂಬಿ ಆಗಬಹುದು. ಅರ್ಧ ಗಂಟೆಯ ಪಾಠಕ್ಕೆ ಹತ್ತಿರ ಹತ್ತಿರ 4 ಜಿಬಿ. ದಿನಕ್ಕೆ ಒಂದೋ ಎರಡೋ ಜಿಬಿಯ ಪ್ಯಾಕ್ ಹಾಕಿಸುವ ಕೂಲಿಕಾರ ತಂದೆಯ ಫೋನಿಗೆ ಅದು ಇಳಿಯುವುದುಂಟೇ? ಅದೇ ಪಾಠವನ್ನು ಸೆಕೆಂಡಿಗೆ ಒಂದು ಮೆಗಾಬಿಟ್‌ನಂತೆ ಅಡಕಗೊಳಿಸಿದರೆ 225 ಎಂಬಿ ಆಗುತ್ತದೆ. ಕರಿಹಲಗೆಯ ಮುಂದೆ ನಿಂತು ಹೇಳುವ ಪಾಠದಲ್ಲಿ ಚಲನೆ ಕಡಿಮೆ, ಆದ್ದರಿಂದ ಅಕ್ಷರಗಳೂ ಚೆನ್ನಾಗಿಯೇ ಉಳಿಯುತ್ತವೆ. ಹೀಗೆ ಅಡಕಗೊಳಿಸುವುದಕ್ಕೇ ಎನ್‌ಕೋಡಿಂಗ್ ಎನ್ನುತ್ತಾರೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶ ಇದಕ್ಕೆ ಸಾಕು.

ಈಗ ಪ್ರೊಸೆಸರ್. ಅದರೊಳಗೆ ಕೋರ್‌ಗಳೆಂಬ ಕೆಲಸಗಾರರಿರುತ್ತಾರೆ. ನಮ್ಮ ವೆಳ್ಳಕೋಯಿಲ್ ಕಡೆ ವಿದ್ಯುತ್ ಮಗ್ಗಗಳ ಸದ್ದಿನಲ್ಲೇ ಬೆಳೆದವನು ನಾನು, ಅಲ್ಲಿಂದಲೇ ಹೇಳುತ್ತೇನೆ. ನೂರು ತುಂಡು ಬಟ್ಟೆಯ ಬೇಡಿಕೆ ಬಂದರೆ ಹತ್ತು ಮಗ್ಗಕ್ಕೆ ಹಂಚಬಹುದು, ಮಗ್ಗ ಹೆಚ್ಚಿದಷ್ಟೂ ಕೆಲಸ ಬೇಗ. ಎನ್‌ಕೋಡಿಂಗ್ ಹೀಗೆ. ಆದರೆ ಒಂದೇ ಸೀರೆಯಲ್ಲಿ ಹಿಂದಿನ ಎಳೆ ಕೂತ ಮೇಲೆಯೇ ಮುಂದಿನ ಎಳೆ. ಪಕ್ಕದಲ್ಲಿ ಇನ್ನೂ ಹತ್ತು ಮಗ್ಗ ಸುಮ್ಮನೆ ನಿಂತಿದ್ದರೂ ಪ್ರಯೋಜನವಿಲ್ಲ, ಆ ಒಂದು ಮಗ್ಗ ಎಷ್ಟು ಚುರುಕು ಎಂಬುದೇ ಮುಖ್ಯ. ಆಟ ಹೆಚ್ಚುಕಡಿಮೆ ಹೀಗೆ. ಹುಡುಗ ಗುಂಡಿ ಒತ್ತಿದ ಮೇಲೆಯೇ ಮುಂದಿನ ಲೆಕ್ಕ. ಇಂದಿನ ಆಟಗಳು ಹಲವು ಕೋರ್‌ಗಳನ್ನು ಬಳಸುತ್ತವೆ ನಿಜ, ಆದರೂ ಆರು ಚುರುಕಾದ ಕೋರ್‌ಗಳ ಆಚೆ ಹೆಚ್ಚು ಹಣ ಸುರಿದರೆ ಬರುವ ಲಾಭ ಅಲ್ಪ. ಚಿತ್ರ ಬಿಡಿಸುವ ದೊಡ್ಡ ಹೊರೆ ಗ್ರಾಫಿಕ್ಸ್ ಕಾರ್ಡಿನದು.

ದುಬಾರಿಯಾದದ್ದೇ ಎಲ್ಲಕ್ಕೂ ಒಳ್ಳೆಯದು ಎಂಬ ನಂಬಿಕೆ ಇಲ್ಲಿ ನಡೆಯದು. 2022ರಲ್ಲಿ ಎಎಂಡಿ ಕಂಪನಿ ರೈಜನ್ 7 5800ಎಕ್ಸ್3ಡಿ ತಂದಿತು. ಎಂಟು ಕೋರ್, ಜೊತೆಗೆ 96 ಎಂಬಿ ಒಳ ಉಗ್ರಾಣ. ಆಟದಲ್ಲಿ ಅದು ತನ್ನ ಅಣ್ಣ 5800ಎಕ್ಸ್ ಅನ್ನು ಚೆನ್ನಾಗಿಯೇ ಹಿಂದೆ ಹಾಕಿತು. ಆದರೆ ಅದರ ವೇಗದ ಮಿತಿ 4.7ರ ಬದಲು 4.5 ಗಿಗಾಹರ್ಟ್ಜ್. ಎನ್‌ಕೋಡಿಂಗಿನಲ್ಲಿ, 32 ಎಂಬಿ ಉಗ್ರಾಣದ ಹಳೆಯದೇ ಮುಂದಾಯಿತು. ಹುಡುಗ ಅಂತರ್ಜಾಲದಲ್ಲಿ ನೋಡಿ ಹೇಳುವ ಹೆಸರಿಗೆ ತಲೆಯಾಡಿಸುವ ಮುನ್ನ ಇದನ್ನು ನೆನಪಿಡಿ.

ಇನ್ನೊಂದು ದಾರಿ, ಪ್ರೊಸೆಸರಿನೊಳಗೇ ಎನ್‌ಕೋಡಿಂಗಿಗೆಂದು ಮೀಸಲಾದ ಪುಟ್ಟ ಭಾಗ. ಇಂಟೆಲ್ 2011ರಿಂದ ಕ್ವಿಕ್ ಸಿಂಕ್ ಎಂಬ ಹೆಸರಿನಲ್ಲಿ ಕೊಡುತ್ತಿದೆ. ವೇಗ ಬಹಳ. ಆದರೆ ಒಂದೇ ಗಾತ್ರಕ್ಕೆ ಇಳಿಸಿದಾಗ ಕೋರ್‌ಗಳಿಂದ ನಿಧಾನವಾಗಿ ಮಾಡಿಸಿದ ವಿಡಿಯೋ ಸಾಮಾನ್ಯವಾಗಿ ಹೆಚ್ಚು ಸ್ಪಷ್ಟ. ನಮಗೆ ಬೇಕಾದದ್ದು ಸಣ್ಣ ಗಾತ್ರ, ಓದಲು ಬರುವ ಅಕ್ಷರ. ಆದ್ದರಿಂದ ನನ್ನ ಪದ್ಧತಿ ಇದು: ಅವಸರಕ್ಕೆ ಕ್ವಿಕ್ ಸಿಂಕ್, ಶಾಶ್ವತವಾಗಿ ಇಡುವ ಪಾಠಕ್ಕೆ ರಾತ್ರಿಯಿಡೀ ಕೋರ್‌ಗಳ ದುಡಿಮೆ. ಹುಡುಗ ಮಲಗಿದ ಮೇಲೆ ಯಂತ್ರ ಹೇಗೂ ಬಿಡುವಾಗಿರುತ್ತದಲ್ಲ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ ಎಫ್ ಅಕ್ಷರವಿದ್ದರೆ ಅದರಲ್ಲಿ ಸ್ವಂತ ಗ್ರಾಫಿಕ್ಸ್ ಇಲ್ಲ, ಕ್ವಿಕ್ ಸಿಂಕ್ ಕೂಡ ಇಲ್ಲ. ಬೆಲೆ ತುಸು ಕಡಿಮೆ. ಮನೆಮಾತು ಕನ್ನಡವಾದ ದೇವಾಂಗ ನೇಕಾರರು ಕೊಂಗುನಾಡಿನಲ್ಲಿ ತಲೆಮಾರುಗಳಿಂದ ಇದ್ದಾರೆ. ಅಂಥ ಒಂದು ಮನೆಗೆ ಹಣ ಉಳಿಸಿಕೊಡುವ ಉತ್ಸಾಹದಲ್ಲಿ ಐ5-12400ಎಫ್ ಹಾಕಿಸಿದೆ. ಕೆಲವು ತಿಂಗಳಲ್ಲಿ ಗ್ರಾಫಿಕ್ಸ್ ಕಾರ್ಡ್ ಕೆಟ್ಟಿತು. ಪ್ರೊಸೆಸರ್ ಗಟ್ಟಿಯಾಗಿತ್ತು, ಆದರೆ ಪರದೆಯ ಮೇಲೆ ಏನೂ ಬರಲಿಲ್ಲ. ಹೊಸ ಕಾರ್ಡಿಗೆ ಹಣ ಕೂಡುವವರೆಗೆ ಎರಡು ತಿಂಗಳು ಆ ಯಂತ್ರ ಮೂಲೆಯಲ್ಲಿತ್ತು. ಎಫ್ ಇಲ್ಲದ 12400 ಆಗಿದ್ದರೆ ದೊಡ್ಡ ಆಟ ನಿಲ್ಲುತ್ತಿತ್ತು, ಉಳಿದ ಕೆಲಸ ನಿಲ್ಲುತ್ತಿರಲಿಲ್ಲ. ಆ ತಾಯಿ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಹಾಗಾಗಿ ನನ್ನ ಸಲಹೆ ಆರು ಕೋರ್, ಸ್ವಂತ ಗ್ರಾಫಿಕ್ಸ್ ಇರುವಂಥದ್ದು. ಇಂಟೆಲ್‌ನಲ್ಲಿ ಐ5-12400. ಎಎಂಡಿಯಲ್ಲಿ ರೈಜನ್ 5 5600ಜಿ, ಕೈಯಲ್ಲಿ ಇನ್ನಷ್ಟು ಹಣವಿದ್ದರೆ 7600. 5600 ಎಂದಷ್ಟೇ ಬರೆದಿದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ. ಆಟದಲ್ಲಿ 5600 ಸ್ವಲ್ಪ ಮೇಲು, ಇದನ್ನು ಹುಡುಗ ಖಂಡಿತ ಹೇಳುತ್ತಾನೆ. ಹೇಳಲಿ. 7600ಕ್ಕೆ ಡಿಡಿಆರ್5 ಮೆಮೊರಿಯೇ ಬೇಕು, ಆ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ಮೊದಲ ವರ್ಷ ಗ್ರಾಫಿಕ್ಸ್ ಕಾರ್ಡ್ ಇಲ್ಲದೆಯೇ ಇಟ್ಟು, ಫಸಲು ಬಂದಾಗ ಕಾರ್ಡ್ ಕೊಡಿಸಿದರೂ ಆದೀತು.

ಹಳೆಯ ಯಂತ್ರ ಕೊಳ್ಳುವವರು ಇಂಟೆಲ್ ಎಂಟನೆಯ ತಲೆಮಾರಿಗಿಂತ ಹಳೆಯದನ್ನು ಬಿಡಿ, ವಿಂಡೋಸ್ 11 ಅದನ್ನು ಒಪ್ಪುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್‌ನಲ್ಲಿ ಮುಗಿಯಿತು. 13, 14ನೆಯ ತಲೆಮಾರಿನ ಐ7, ಐ9ಗಳಲ್ಲಿಯೂ ಎಚ್ಚರ ಬೇಕು. ಅವುಗಳಲ್ಲಿ ಕೆಲವಕ್ಕೆ ಅತಿಯಾದ ವೋಲ್ಟೇಜಿನಿಂದ ಹಾನಿಯಾಗುತ್ತಿದೆಯೆಂದು ಇಂಟೆಲ್ 2024ರಲ್ಲಿ ಒಪ್ಪಿಕೊಂಡು, ಪರಿಹಾರದ ತಂತ್ರಾಂಶವನ್ನೂ ಎರಡು ವರ್ಷ ಹೆಚ್ಚಿನ ಖಾತರಿಯನ್ನೂ ಕೊಟ್ಟಿತು. ಆಗಲೇ ಆದ ಹಾನಿಯನ್ನು ಆ ತಂತ್ರಾಂಶ ಸರಿಪಡಿಸುವುದಿಲ್ಲ.

"ಕನ್ನಡ ಕಾಣಬೇಕಾದರೆ ದೊಡ್ಡ ಪ್ರೊಸೆಸರ್ ಬೇಕು" ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ. ಒಂದು ಕಾಲದಲ್ಲಿ ಪರದೆಯ ಮೇಲೆ ನಮ್ಮ ಲಿಪಿ ಮೂಡಿಸಲು ಜಿಸ್ಟ್ ಎಂಬ ಪ್ರತ್ಯೇಕ ಕಾರ್ಡನ್ನು ಸಿಕ್ಕಿಸಬೇಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಿಂದಲೇ ಕನ್ನಡ ಅದರೊಳಗಿದೆ.

ಕೊನೆಗೆ ಶಾಖ. ಆಟದಲ್ಲಿ ಪ್ರೊಸೆಸರಿನ ಹೊರೆ ಏರಿಳಿಯುತ್ತದೆ, ಎನ್‌ಕೋಡಿಂಗಿನಲ್ಲಿ ಗಂಟೆಗಟ್ಟಲೆ ಪೂರ್ತಿ ಹೊರೆ. 90ರಿಂದ 100 ಡಿಗ್ರಿ ಮುಟ್ಟಿದರೆ ಅದು ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ತಾಳವಾಡಿಯ ತಂಪಿನಲ್ಲಿ ನಿಮಗೆ ಅಷ್ಟು ಚಿಂತೆಯಿಲ್ಲ. ಬಯಲಿನ ಬಂಧುಗಳಿಗೆ ಹೇಳುವುದು, ಯಂತ್ರವನ್ನು ಮಗ್ಗದ ಕೋಣೆಯಲ್ಲಿಡಬೇಡಿ, ಹತ್ತಿಯ ಧೂಳು ಫ್ಯಾನಿಗೆ ಸುತ್ತಿಕೊಳ್ಳುತ್ತದೆ.

ಸಭೆ ಮುಗಿದ ಮೇಲೆ ಅರ್ಧ ಗಂಟೆ ಇಲ್ಲಿಯೇ ಕೂತಿರುತ್ತೇನೆ. ಅಂಗಡಿಯವರು ಬರೆದುಕೊಟ್ಟ ಚೀಟಿ ಇದ್ದವರು ತನ್ನಿ, ಹೆಸರಿನ ಕೊನೆಯ ಅಕ್ಷರವನ್ನು ಒಟ್ಟಿಗೆ ನೋಡೋಣ.